ಸೂರತ್ತಿನಲ್ಲಿ ಬಿಸಾಡಿದ ಗಂಟು

"ಇವಳು ಡಿಗ್ರಿ ಮುಗಿಸುವುದುಂಟಾ? ಅರ್ಧ ಗಂಟೆ ಕೂತುಕೊಳ್ಳಲಿಕ್ಕೆ ಆಗುದಿಲ್ಲ ಇವಳಿಗೆ," ಎಂದವರು ನನ್ನ ದೊಡ್ಡಪ್ಪ. ವಡೋದರಾದ ಅಲ್ಕಾಪುರಿಯಲ್ಲಿ ನಮ್ಮ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು, ಗಿರಾಕಿಗಳ ಎದುರಿಗೇ ಹೇಳಿದರು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ.

ನನ್ನ ಬೆನ್ನಿನ ಕೆಳತುದಿಯಲ್ಲಿ, ಬಾಲಮೂಳೆಯ ಪಕ್ಕ, ಒಂದು ಗಟ್ಟಿ ಗಂಟು. ಅದು ಎರಡನೆಯದು. ಮೊದಲನೆಯದನ್ನು ಸೂರತ್ತಿನಲ್ಲಿ ದೊಡ್ಡಪ್ಪನ ಪರಿಚಯದ ಡಾಕ್ಟರು ಕೊಬ್ಬಿನ ಗಂಟೆಂದು ಕೊಯ್ದು ತೆಗೆದಿದ್ದರು. ಲ್ಯಾಬಿಗೆ ಕಳಿಸಬೇಕೇ ಎಂದು ಆ ಡಾಕ್ಟರು ಕೇಳಿದ್ದಕ್ಕೆ ದೊಡ್ಡಪ್ಪ, "ಹೋದದ್ದು ಹೋಯ್ತು, ಇನ್ನು ಅದರ ಜಾತಕ ಎಂತಕ್ಕೆ?" ಎಂದು ನಕ್ಕರಂತೆ. ಗಂಟು ಕಸಕ್ಕೆ ಹೋಯಿತು. ವರ್ಷದೊಳಗೆ ಅದೇ ಗಾಯದ ಕೆಳಗೆ ಇನ್ನೊಂದು ಬಂತು.

ಆಮೇಲೆ ಶುರುವಾಯಿತು ನೋಡಿ. ಎಂಆರ್‌ಐ ಫಿಲ್ಮನ್ನು ದೊಡ್ಡಪ್ಪ ಹೋಟೆಲಿನ ಟ್ಯೂಬ್‌ಲೈಟಿಗೆ ಹಿಡಿದರು. ಇಡ್ಲಿ ತಿನ್ನಲು ಬಂದವರೆಲ್ಲ ಅದನ್ನು ಓದಿದರು. ಒಬ್ಬರ ಪ್ರಕಾರ ಡಿಸ್ಕು ಜಾರಿದ್ದು, ಇನ್ನೊಬ್ಬರ ಪ್ರಕಾರ ವಾಯು. "ಅರೇ ಬೇಟಾ, ಗರಂ ತೇಲ್ ಲಗಾವೋ," ಎಂದು ಬಿಸಿ ಎಣ್ಣೆಯ ಮದ್ದು ಹೇಳಿದರು ಎದುರಂಗಡಿಯ ಕಾಕಾ.

ಅಹಮದಾಬಾದಿನ ಡಾಕ್ಟರಮ್ಮ ಮಾತ್ರ ಮೊದಲ ಗಂಟಿನ ರಿಪೋರ್ಟ್ ಕೇಳಿದರು. ಇಲ್ಲವೆಂದಾಗ ಪೆನ್ನು ಕೆಳಗಿಟ್ಟರು. ಸೂಜಿಯಿಂದ ಚೂರು ತೆಗೆಸಿ, ಎರಡು ಲ್ಯಾಬುಗಳಲ್ಲಿ ನೋಡಿಸಿ, ಕೊನೆಗೆ ಹೆಸರು ಹೇಳಿದರು: ಡೆಸ್ಮಾಯ್ಡ್. ಅಪರೂಪದ್ದು. ಕ್ಯಾನ್ಸರಿನಂತೆ ಬೇರೆಡೆ ಹರಡುವುದಿಲ್ಲ, ಆದರೆ ಇದ್ದಲ್ಲೇ ಬೇರು ಬಿಡುತ್ತದೆ. ಕೊಯ್ದರೆ ಮತ್ತೆ ಬರುವ ಭಯ. ಸದ್ಯಕ್ಕೆ ಮಾತ್ರೆ, ಆಗಾಗ ಸ್ಕ್ಯಾನ್, ಅಷ್ಟೇ.

"ಕೊಯ್ಯದ ಡಾಕ್ಟರು ಎಂತ ಡಾಕ್ಟರು ಮಾರಾಯ್ತಿ?" ಎಂದರು ದೊಡ್ಡಪ್ಪ.

"ಒಮ್ಮೆ ನೀವೇ ಕೊಯ್ಸಿ ಆಯ್ತಲ್ಲ ದೊಡ್ಡಪ್ಪ!"

ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ, ಲೆಕ್ಕವಿಲ್ಲ. ಅವರ ಕಿವಿಗೆ ಅದು ಹೋಗಲೇ ಇಲ್ಲ.

ಕೂರಲಾಗದ್ದಕ್ಕೆ ನಿಂತು ಓದಿದೆ. ಗಿರಾಕಿಗಳು ನಿಂತು ತಿನ್ನುವ ಎತ್ತರದ ಮೇಜಿನ ಮೇಲೆ, ಸಾಂಬಾರಿನ ಕಲೆಗಳ ನಡುವೆ ಪುಸ್ತಕ ಇಟ್ಟುಕೊಂಡು. ಪರೀಕ್ಷೆಯನ್ನೂ ನಿಂತೇ ಬರೆಯುತ್ತೇನೆಂದು ಕಾಲೇಜಿಗೆ ನಾಲ್ಕು ಸಲ ಅರ್ಜಿ ಕೊಟ್ಟೆ. ನಾಲ್ಕು ಸಲವೂ ಗುಮಾಸ್ತ, "ಪೈಲ್ಸ್ ಹೈ ಕ್ಯಾ?" ಎಂದು ಜೋರಾಗಿ ಕೇಳಿದ. ನಾಲ್ಕು ಸಲವೂ "ನಹೀಂ" ಎಂದೆ. ಕೊನೆಗೂ ಹಿಂದಿನ ಗೋಡೆಯ ಬಳಿ ಎತ್ತರದ ಡೆಸ್ಕ್ ಕೊಟ್ಟರು. ಕಾಲು ಜುಮುಗುಟ್ಟಿದರೂ ಎಲ್ಲ ಪೇಪರು ಬರೆದು ಮುಗಿಸಿದೆ. ಅಷ್ಟರಲ್ಲಿ ಸ್ಕ್ಯಾನಿನಲ್ಲಿ ಗಂಟು ಬೆಳೆಯುವುದೂ ನಿಂತಿತ್ತು.

ಘಟಿಕೋತ್ಸವದ ದಿನ ಬಿ.ಕಾಂ. ಸರ್ಟಿಫಿಕೇಟ್ ನನ್ನ ಕೈಗೆ ಬಂತು. ಹೊರಗೆ ಬಂದು, ಅಲ್ಲಿ ಕಾಯುತ್ತಿದ್ದ ದೊಡ್ಡಪ್ಪನ ಕೈಗೇ ನೇರ ಇತ್ತೆ. ಅಂಗಿಗೆ ಕೈ ಒರೆಸಿಕೊಂಡು ಹಿಡಿದು, ತುಂಬ ಹೊತ್ತು ನೋಡಿದರು.

"ಹ್ಞೂಂ, ಪಾಸಾದೆಯಲ್ಲ. ಇನ್ನು ಪುರುಸೊತ್ತುಂಟು, ಆಪರೇಷನ್ ಒಂದು ಮಾಡಿಸಿಬಿಡು ಮಾರಾಯ್ತಿ."