ಹರಿವೆ ಒಪ್ಪಿದ ಬಟ್ಟೆ

ಮೂವತ್ತೈದು ವರ್ಷ ಬಂಟ್ವಾಳ ಪೇಟೆಯ ಜವಳಿ ಅಂಗಡಿಯಲ್ಲಿ ಬಟ್ಟೆ ಬಿಡಿಸಿ ತೋರಿಸಿದ ನನಗೆ ಬಟ್ಟೆಯ ವಿಷಯ ಏನೂ ಗೊತ್ತಿಲ್ಲವೆಂದು ತಿಳಿಸಿಕೊಟ್ಟದ್ದು ಹರಿವೆ ಸೊಪ್ಪಿನ ಬೀಜ. "ಬಣ್ಣ ಬಿಡುವುದಿಲ್ಲ, ನಾನು ಗ್ಯಾರಂಟಿ" ಎಂದರೆ ಗಿರಾಕಿಗಳು ನಂಬುತ್ತಿದ್ದರು. ಕೆಲವರು ವಾರ ಬಿಟ್ಟು ಅದೇ ಸೀರೆ ಹಿಡಿದು ವಾಪಸು ಬರುತ್ತಿದ್ದರು, ಆ ಮಾತು ಬೇರೆ.

ನೇತ್ರಾವತಿಯ ನೆರೆಗೆ ಹೆದರಿ ನಾವು ಮೂಡುಬಿದಿರೆಯ ಫ್ಲ್ಯಾಟಿಗೆ ಬಂದೆವು. ಹಿತ್ತಿಲ ಮಣ್ಣು ಅಲ್ಲೇ ಉಳಿಯಿತು. ಹೆಂಡತಿ ಸುಮತಿಗೆ ಮೊಣಕಾಲು ನೋವು ಬೇರೆ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದಾರೆ. ಹಿತ್ತಿಲಲ್ಲಿ ಹರಿವೆ ಬೆಳೆಸುತ್ತಿದ್ದವಳು ಅಂಗಡಿಯಿಂದ ತಂದ ಸೊಪ್ಪಿನ ಕಟ್ಟನ್ನು ಬಿಡಿಸುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ನಿಂತಲ್ಲೇ ಕೊಯ್ಯುವಂತೆ ಅವಳಿಗೆ ಹರಿವೆ ಬೆಳೆಸಿಕೊಡಬೇಕೆಂದು ಹಟ ಹುಟ್ಟಿತು.

ಮೊಬೈಲಿನಲ್ಲಿ ನೋಡಿದ್ದೆ: ಮಣ್ಣಿಲ್ಲದೆ, ತೂಗುಹಾಕಿದ ಬಟ್ಟೆಯ ಮೇಲೆಯೇ ಸೊಪ್ಪು ಬೆಳೆಯುತ್ತಾರೆ. ಮೇಲೆ ತೂತು ಕೊರೆದ ಪೈಪು, ಅದರಿಂದ ಜಿನುಗುವ ಗೊಬ್ಬರದ ನೀರು, ಕೆಳಗೆ ಬಕೆಟ್ಟು. ಬಟ್ಟೆ ತಾನೇ, ನನ್ನದೇ ವಿದ್ಯೆ ಎಂದುಕೊಂಡೆ.

ಮೊದಲು ರವಿಕೆ ಕಣ. ಯಾರೂ ಹೊಲಿಸದೆ, ಒಂದು ಮದುವೆಯಿಂದ ಇನ್ನೊಂದಕ್ಕೆ ದಾಟಿಸುವ ಆ ತುಂಡುಗಳನ್ನು ಡಜನ್‌ಗಟ್ಟಲೆ ಮಾರಿದವನು ನಾನೇ. ಅವುಗಳಿಗೆ ಒಂದು ಕಡೆ ನಿಂತು ಅಭ್ಯಾಸವಿಲ್ಲ. ನೀರು ಜಾರಿತು, ಬೀಜವೂ ಜಾರಿ ಬಕೆಟ್ಟು ಸೇರಿತು. ಆಮೇಲೆ ನನ್ನ ಹಳೆಯ ಪಂಚೆ. ಮೊಳಕೆಯೇನೋ ಬಂತು, ಬೂಷ್ಟೂ ಬಂತು, ಕೊನೆಗೆ ಪಂಚೆಯೇ ಕೊಳೆತು ಹರಿಯಿತು.

"ಗಿಡಕ್ಕೆ ಬಟ್ಟೆ ತೋರಿಸಿ ಮುಗೀತಾ ಮಾರಾಯ್ರೆ? ಇನ್ನು ನನ್ನ ಮದುವೆಯ ಪಟ್ಟೆ ಸೀರೆ ಒಂದು ಬಾಕಿ ಉಂಟು" ಎಂದು ಸುಮತಿ ನಕ್ಕಳು. ಈ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದೇ ಇರಲಿಲ್ಲ. ಬೆಳೆ ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ.

ನಕ್ಕವಳು ಕಪಾಟಿನ ಮೇಲಿನಿಂದ ಗಲ್ಫಿನ ಕಂಬಳಿ ಇಳಿಸಲು ಹೇಳಿದಳು. ಅವಳ ತಮ್ಮ ದುಬೈಯಿಂದ ತಂದದ್ದು. ನಮ್ಮ ಸೆಕೆಗೆ ಯಾರು ಹೊದೆಯಬೇಕು? ಹನ್ನೆರಡು ವರ್ಷದಿಂದ ಜಿಪ್ಪಿನ ಚೀಲದಲ್ಲೇ ಇತ್ತು. "ಇದಕ್ಕೆ ರೋಮ ಉಂಟಲ್ಲ, ಬೀಜ ಹಿಡ್ಕೊಳ್ತದೆ. ನೋಡುವ" ಎಂದು ತಾನೇ ಕತ್ತರಿ ಹಾಕಿದಳು. ನೈಲಾನೋ ಪಾಲಿಯೆಸ್ಟರೋ, ನಾನು ಯಾವತ್ತೂ ಹೀಯಾಳಿಸುತ್ತಿದ್ದ ಮಾಲು. ಅದು ಕೊಳೆಯಲಿಲ್ಲ. ಬೇರು ರೋಮದೊಳಗೆ ಹೊಕ್ಕು ಗಟ್ಟಿಯಾಗಿ ಕೂತಿತು.

ತಿಂಗಳು ಕಳೆದು ಅವಳು ಬಾಲ್ಕನಿಯಲ್ಲಿ ನೆಟ್ಟಗೆ ನಿಂತು, ಮೊಣಕಾಲಿಗೆ ಕೈ ಊರದೆ, ಕೆಂಪು ಹರಿವೆ ಕೊಯ್ದಳು. ಮಧ್ಯಾಹ್ನ ಪಲ್ಯದ ರಸ ನನ್ನ ಕುಚ್ಚಲಕ್ಕಿ ಅನ್ನಕ್ಕೆಲ್ಲ ಹರಡಿತು.

"ಬಣ್ಣ ಬಿಡ್ತಾ ಉಂಟಲ್ಲ?" ಎಂದಳು ತಟ್ಟೆ ನೋಡಿ.

ಮೂವತ್ತೈದು ವರ್ಷ ಈ ಮಾತಿಗೆ ಹೆದರಿ ಬದುಕಿದವನು ನಾನು. ಅವತ್ತು ತಟ್ಟೆಯನ್ನು ಅವಳ ಕಡೆಗೆ ದೂಡಿ, "ಇನ್ನೂ ಸ್ವಲ್ಪ ಬಡಿಸು" ಎಂದೆ.