ಕಾಯಿ ರಾಶಿಯಡಿಯ ವೈಫೈ ಡಬ್ಬ

ಸಿಂಚನಾ, ತೇಜು, ನಿಮ್ಮ ತಮ್ಮ ಹುಟ್ಟಿದ ದಿನ ನಿಮ್ಮಪ್ಪ ತಿಪಟೂರಿನ ಆಸ್ಪತ್ರೆಯಿಂದ ವಿಡಿಯೊ ಕರೆ ಮಾಡಿದಾಗ, ಈ ಅಜ್ಜಿಯ ಫೋನಿನಲ್ಲಿ ಕೂಸಿನ ಹಣೆಯಷ್ಟೇ ಮೂಡಿ ನಿಂತುಬಿಟ್ಟಿತು. ಕರೆ ಕಡಿದು ಮತ್ತೆ ಮಾಡಿದರೂ ಅದೇ ಹಣೆ!

"ವೈಫೈ ಡಬ್ಬ ಎಲ್ಲೈತಕ್ಕಾ?" ಎಂದಳು ನನ್ನ ವಾರಗಿತ್ತಿ ಗಂಗಮ್ಮ.

"ಅಟ್ಟದ ಮ್ಯಾಲೆ ಕಣೇ." ಹಿಂದಿನ ದಿನವಷ್ಟೇ ಕೊಬ್ಬರಿಗೆಂದು ಅಟ್ಟದ ತುಂಬ ತೆಂಗಿನಕಾಯಿ ಸುರಿಸಿದ್ದೆ.

"ಅಷ್ಟೊಂದು ಕಾಯಿ ಒಳಗಿನ ನೀರು ದಾಟಿ ಸಿಗ್ನಲ್ಲೇ ಬರಲ್ಲ, ಮಗ ಹೆಂಗ್ ಬತ್ತಾನೆ?"

ಫೋನನ್ನು ಅವಳ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ ಏಣಿ ಹತ್ತಿದೆ. ಕಾಯಿ ಸರಿಸಿ ಡಬ್ಬ ಎತ್ತಿ ಹಿಡಿದದ್ದೇ ತಡ, ಕೆಳಗಿನಿಂದ ಗಂಗಮ್ಮ ಕೂಗಿದಳು: "ಮೂಗು ಬಂತು! ಬಾಯಿ ಬಂತು! ಅಯ್ಯೋ, ಆಕಳಿಸ್ತಾವ್ನೆ!"

"ಇಲ್ಲಿಗೇ ತಾರೇ!" ಎಂದು ನಾನೂ ಕೂಗಿದೆ.

ಅವಳೂ ಹತ್ತಿ ಬಂದಳು. ಕಾಯಿ ರಾಶಿಯ ಮೇಲೆ ಕೂತು ಆ ಮುಖ ನೋಡಿ ಇಬ್ಬರೂ ಹುಡುಗಿಯರಂತೆ ನಕ್ಕೆವು. ಈ ಪುಟ ಜೋಪಾನ ಮಾಡಿ, ಅವನಿಗೆ ಓದಲು ಬಂದ ದಿನ ಕೊಡಿ.