ಸೋತವರ ಕಲ್ಲಿಗೆ ಹೂವು

ಆಸ್ಪತ್ರೆಯಲ್ಲಿ ಆರು ದಿನ ಸತತ ಡ್ಯೂಟಿ ಮಾಡಿದ ಮೇಲೆ ಬರುವ ಭಾನುವಾರ ನನಗೆ ಯಾರ ಮುಖವೂ ಬೇಡ. ಅಂಥ ಭಾನುವಾರ ಬೆಳಗ್ಗೆ ನಾನು ಕಪ್ಪು ಕೋಟು ಹಾಕಿಕೊಳ್ಳುತ್ತಿದ್ದರೆ ಗಂಡ ಹಾಸಿಗೆಯಿಂದಲೇ ಕೇಳಿದ, "ಹೋಗ್ಲೇಬೇಕಾ? ಹುಷಾರಿಲ್ಲ ಅಂತ ಫೋನ್ ಮಾಡ್ಬಿಡು." ನನಗೂ ಹಾಗೇ ಅನ್ನಿಸಿತ್ತು.

ಹಿಂದಿನ ವಾರ ನನ್ನ ವಾರ್ಡಿನಲ್ಲಿ ಒಬ್ಬ ಮುದುಕರು ತೀರಿಕೊಂಡಿದ್ದರು. ಇಲ್ಲಿ ಐರ್ಲೆಂಡಿನಲ್ಲಿ, ಸ್ಲೈಗೋಗೆ ಹೋಗುವ ರಸ್ತೆಯಲ್ಲಿರುವ ಅವರ ಪುಟ್ಟ ಊರಿನ ಚೌಕದಲ್ಲಿ ಒಂದು ಕಲ್ಲಿದೆ. ಇನ್ನೂರು ವರ್ಷಕ್ಕೂ ಹಿಂದೆ ಹಡಗಿನಲ್ಲಿ ಬಂದು, ಇಂಗ್ಲಿಷರ ಕೈಯಿಂದ ಊರನ್ನು ಬಿಡಿಸಿ, ಕೆಲವೇ ವಾರಗಳಲ್ಲಿ ಸೋತುಹೋದ ಫ್ರೆಂಚ್ ಸಿಪಾಯಿಗಳ ನೆನಪಿನ ಕಲ್ಲು ಅದು. ವರ್ಷಕ್ಕೊಮ್ಮೆ ಅದರ ಮುಂದೆ ಹೂವಿಡುವುದು ಈ ಮುದುಕರ ಪಾಲಿನ ಕೆಲಸ. ಈ ಸಲ ಆ ದಿನ ಬಿದ್ದಿದ್ದ ಈ ಭಾನುವಾರಕ್ಕೆ ಮನೆ ಸೇರಬೇಕೆಂದು ದಿನಾ ಪೀಡಿಸುತ್ತಿದ್ದರು. "ಅಷ್ಟೊತ್ತಿಗೆ ಗ್ರಾಂಡ್ ಆಗಿರ್ತೀರಿ, ಪೂರ್ತಿ ಹುಷಾರಾಗಿರ್ತೀರಿ, ನಾನೇ ಕಳಿಸ್ತೀನಿ" ಎಂದುಬಿಟ್ಟೆ. ಮೂರನೇ ದಿನಕ್ಕೆ ಹೋಗಿಬಿಟ್ಟರು. ಅಷ್ಟು ಸಲೀಸಾಗಿ ಮಾತು ಕೊಟ್ಟದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಮೇಲೆ ಅವರ ಹೆಂಡತಿಯೇ ವಾರ್ಡಿಗೆ ಫೋನ್ ಮಾಡಿದರು. "ಅವ್ರ ಬದ್ಲು ನೀವೇ ಬಂದು ಹೂವಿಡಿ" ಎಂದಷ್ಟೇ ಹೇಳಿ ಇಟ್ಟರು. ಊರವರೆಲ್ಲರ ಎದುರಿಗೆ ಬೈಯುವುದಕ್ಕೇ ಕರೆದಿದ್ದಾರೆ ಎಂದುಕೊಂಡೆ. ಬೈಸಿಕೊಳ್ಳೋಣ ಎಂದೇ ಹೊರಟೆ.

ಚೌಕದಲ್ಲಿ ಹತ್ತು ಹದಿನೈದು ಜನ ಛತ್ರಿ ಹಿಡಿದು ನಿಂತಿದ್ದರು. ಮುದುಕರ ಹೆಂಡತಿ ಹೂವಿನ ಚಕ್ರವನ್ನು ನನ್ನ ಕೈಗಿಟ್ಟರು. ಕಲ್ಲಿನ ಹತ್ತಿರ ಹೋಗುತ್ತಲೇ ನನಗೆ ಗೊತ್ತಿಲ್ಲದಂತೆ ಶೂ ಬಿಚ್ಚಿಬಿಟ್ಟೆ. ಅಜ್ಜಿಯ ಊರಿನ ಕೆರೆ ಏರಿಯ ಮೇಲಿದ್ದ ವೀರಗಲ್ಲಿನ ಮುಂದೆ ಚಪ್ಪಲಿ ಹಾಕಿಕೊಂಡು ನಿಂತರೆ ಬೆನ್ನಿಗೆ ಏಟು ಬೀಳುತ್ತಿತ್ತು. ಜನರೆಲ್ಲ ನನ್ನ ಕಾಲುಚೀಲವನ್ನೇ ನೋಡತೊಡಗಿದರು. ಒಂದರ ಹೆಬ್ಬೆರಳ ಬಳಿ ತೂತಿತ್ತು.

ಪಕ್ಕಕ್ಕೆ ಬಂದು ನಿಂತ ಆಕೆಯನ್ನು ಮೆಲ್ಲಗೆ ಕೇಳಿದೆ, "ನನ್ಮೇಲೆ ಕೋಪ ಇದ್ಯಾ?"

"ಇದೆ. ತುಂಬಾ ಇದೆ." ಆಕೆ ಕಲ್ಲನ್ನೇ ನೋಡುತ್ತಿದ್ದರು. "ಈ ಸಿಪಾಯಿಗಳೂ ನಮ್ಮೂರಿಗೆ ದೊಡ್ಡ ಮಾತು ಕೊಟ್ಟೇ ಬಂದಿದ್ರು. ಇಡಿ ಬೇಗ, ಕಾಲು ನೆನೀತಿದೆ."

ಬಗ್ಗಿ ಇಟ್ಟೆ. ಆರು ದಿನದ ಸುಸ್ತೆಲ್ಲ ಒಟ್ಟಿಗೆ ಮಂಡಿಗೆ ಬಂದು ಕೂತಂತಾಗಿ ಏಳುವುದಕ್ಕೇ ಆಗಲಿಲ್ಲ. ಆಕೆ ಕೈ ಕೊಟ್ಟು ಎಬ್ಬಿಸಿದರು. ನಾನು ಎರಡೂ ಶೂ ಹಾಕಿಕೊಂಡು ಮುಗಿಸುವವರೆಗೂ ಆ ಕೈ ಬಿಡಲಿಲ್ಲ.